ಒಂದು ಸುತ್ತಿನ ತಪ್ಪು

ಎಂಜಿನ್ ಇಳಿಸಿ ಎರಡೂವರೆ ತಿಂಗಳಾಗಿತ್ತು. ಬ್ಲಾಕನ್ನು ಪೇಟೆಗೆ ಸಾಗಿಸಿ ಬೋರ್ ಮಾಡಿಸಿದ್ದಾಯಿತು. ಕ್ರ್ಯಾಂಕ್‌ಶಾಫ್ಟ್ ಗ್ರೈಂಡ್ ಮಾಡಿಸಿದ್ದಾಯಿತು. ಹೊಸ ಪಿಸ್ಟನ್, ಹೊಸ ರಿಂಗು, ಹೊಸ ಬೇರಿಂಗು, ಹೊಸ ಟೈಮಿಂಗ್ ಚೈನು ಎಲ್ಲ ಬಂದವು. ಬ್ಲಾಕಿಗೆ ಹಸಿರು ಬಣ್ಣವನ್ನೂ ಬಳಿದು, ಬೇಸಿಗೆ ರಜೆಯಲ್ಲಿ ಅಪ್ಪ, ಮಗಳು ಇಬ್ಬರೂ ಕೈಪಿಡಿಯನ್ನು ಬದಿಗಿಟ್ಟುಕೊಂಡು ಒಂದೊಂದಾಗಿ ಜೋಡಿಸಿದರು. ಆದರೆ ಕೊನೆಗೆ ಕೀ ತಿರುಗಿಸಿದಾಗ ಎಂಜಿನ್ ಒಮ್ಮೆ ನರಳಿ ಸುಮ್ಮನಾಯಿತು.

ಅದು 1968ರ ಮಾರ್ಕ್-2 ಅಂಬಾಸಡರ್. ಅಜ್ಜ ಕೊಂಡ ಕಾರು. ಅಜ್ಜಿ ಜಗಲಿಯಲ್ಲಿ ಕುಳಿತು ಎಲ್ಲವನ್ನೂ ನೋಡುತ್ತಿದ್ದರು. ಮಗಳ ಕಾಲೇಜು ಫೀಜಿಗೆಂದು ಎತ್ತಿಟ್ಟ ಹಣದಲ್ಲಿ ಒಂದಿಷ್ಟು ಈ ಎಂಜಿನ್ನಿಗೆ ಹೋಗಿದೆಯೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತು, ಯಾರೂ ಬಾಯಿಬಿಟ್ಟು ಆಡುತ್ತಿರಲಿಲ್ಲ. ಪಕ್ಕದ ಮನೆಯವರು ಮಾತ್ರ ತಮ್ಮ ಜೀಪಿನ ಹಿಂದೆ ಹಗ್ಗ ಕಟ್ಟಿ ಎಳೆದುಬಿಟ್ಟರೆ ಹತ್ತೇ ನಿಮಿಷದಲ್ಲಿ ಸ್ಟಾರ್ಟ್ ಆಗುತ್ತದೆ ಎಂದು ಎರಡು ಸಲ ಹೇಳಿ ಹೋಗಿದ್ದರು.

ಮರುದಿನ ಬೆಳಿಗ್ಗೆ ಊರಿನ ಹಳೆಯ ಮೇಸ್ತ್ರಿ ಬಂದರು. ಹಗ್ಗವನ್ನು ಕಂಡೊಡನೆ ಅವರು ಹೇಳಿದ ಮೊದಲ ಮಾತು: "ಎಳೆಯೋದೊಂದು ಬೇಡಿ ಸಾರ್. ಹೊಸಾ ಎಂಜಿನ್ನು, ಕೆಟ್ಟುಹೋಗ್ತದೆ."

ಈ ಮಾತಿನಲ್ಲಿ ಉತ್ಪ್ರೇಕ್ಷೆಯಿಲ್ಲ. ವಾಲ್ವುಗಳನ್ನು ತೆರೆಯುವ ಕ್ಯಾಮ್‌ಶಾಫ್ಟಿನ ಉಬ್ಬುಗಳು ಟ್ಯಾಪೆಟ್ಟುಗಳ ತಳವನ್ನು ಒತ್ತಿ ಉಜ್ಜುತ್ತಲೇ ತಿರುಗುತ್ತವೆ. ಎಂಜಿನ್ನಿನಲ್ಲಿ ಅತಿ ಹೆಚ್ಚು ಒತ್ತಡ ಬೀಳುವ ಜಾಗಗಳಲ್ಲಿ ಇದೂ ಒಂದು. ಎಂಜಿನ್ ಓಡುವಾಗ ಕ್ರ್ಯಾಂಕ್‌ಶಾಫ್ಟ್ ಎರಚುವ ಎಣ್ಣೆ ಅಲ್ಲಿಗೆ ಧಾರಾಳವಾಗಿ ಬೀಳುತ್ತದೆ. ನಿಧಾನವಾಗಿ ತಿರುಗಿಸುವಾಗ ಅಷ್ಟು ಬೀಳುವುದಿಲ್ಲ. ಜೋಡಿಸುವಾಗ ಹಚ್ಚಿದ ಗ್ರೀಸೊಂದೇ ಆಗ ರಕ್ಷೆ. ಸುಮ್ಮನೆ ತಿರುಗಿಸುತ್ತ ಹೋದಂತೆ ಅದೂ ಒರೆಸಿಹೋಗುತ್ತದೆ. ಜೊತೆಗೆ, ಹತ್ತಿಕೊಳ್ಳದ ಪೆಟ್ರೋಲು ಸಿಲಿಂಡರಿನ ಗೋಡೆಯ ಎಣ್ಣೆಯನ್ನು ತೊಳೆದು ಕೆಳಗಿಳಿಸುತ್ತದೆ. ಹೊಸ ರಿಂಗು ಒಣ ಗೋಡೆಗೆ ಉಜ್ಜಿದರೆ ಗೀರು ಬೀಳುವುದು ಖಂಡಿತ. ಸಾವಿರಾರು ರೂಪಾಯಿ ಸುರಿದು ನುಣುಪು ಮಾಡಿಸಿದ ಭಾಗ ಅರ್ಧ ಗಂಟೆಯ ಹಟಕ್ಕೆ ಬಲಿಯಾಗಬಹುದು.

ಹಾಗಾದರೆ ತಿರುಗಿಸದೆ ಕಂಡುಹಿಡಿಯುವುದು ಹೇಗೆ?

ಪೆಟ್ರೋಲ್ ಎಂಜಿನ್ ಕೇಳುವುದು ಕೆಲವೇ ವಸ್ತುಗಳನ್ನು: ಗಾಳಿ ಬೆರೆತ ಪೆಟ್ರೋಲು, ಅದನ್ನು ಅದುಮುವ ಬಿಗಿಯಾದ ಸಿಲಿಂಡರು, ಒಂದು ಕಿಡಿ. ಇವು ಮೂರೂ ಇದ್ದು, ಆ ಕಿಡಿ ಸರಿಯಾದ ಹೊತ್ತಿಗೆ ಬಿದ್ದರೆ ಎಂಜಿನ್ ಓಡಲೇಬೇಕು. ಓಡದಿದ್ದರೆ ಇವುಗಳಲ್ಲಿ ಒಂದು ಇಲ್ಲವೆಂದೇ ಅರ್ಥ. ಮೇಸ್ತ್ರಿಗಳು ಯಾವ ಪುಸ್ತಕವನ್ನೂ ಓದಿ ಇದನ್ನು ಕಲಿತವರಲ್ಲ. ಆದರೆ ಅವರ ಕ್ರಮ ಪ್ರಯೋಗಶಾಲೆಯ ಕ್ರಮವೇ. ಒಂದು ಸಲಕ್ಕೆ ಒಂದೇ ಪ್ರಶ್ನೆ, ಅದಕ್ಕೆ ಉತ್ತರ ಸಿಗುವವರೆಗೆ ಇನ್ನೊಂದು ನಟ್ಟಿಗೆ ಕೈ ಹಾಕುವುದಿಲ್ಲ. ಹಿಂದಿನ ರಾತ್ರಿ ಅಪ್ಪ, ಮಗಳು ಕಾರ್ಬುರೇಟರಿನ ಸ್ಕ್ರೂ, ಪ್ಲಗ್ಗು, ಪಾಯಿಂಟು ಎಲ್ಲವನ್ನೂ ಒಟ್ಟಿಗೇ ಬದಲಿಸಿದ್ದರು. ಏನನ್ನು ಬದಲಿಸಿದ್ದರಿಂದ ಏನಾಯಿತೆಂದು ಇಬ್ಬರಿಗೂ ತಿಳಿಯಲಿಲ್ಲ.

ಮೊದಲ ಪ್ರಶ್ನೆ, ಎಂಜಿನ್ ಏಕೆ ನರಳುತ್ತದೆ? ಬ್ಯಾಟರಿ ಹೊಸದು, ರಾತ್ರಿಯಿಡೀ ಚಾರ್ಜ್ ಮಾಡಿದ್ದು. ಹೊಸ ರಿಂಗುಗಳು ಬಿಗಿಯಾಗಿರುವುದರಿಂದ ಎಂಜಿನ್ ಸ್ವಲ್ಪ ಭಾರವಾಗಿ ತಿರುಗುವುದೇನೋ ಸಹಜ. ಆದರೆ ಇದು ತಿರುಗುತ್ತಲೇ ಇರಲಿಲ್ಲ. ಮೇಸ್ತ್ರಿ ಇನ್ನೊಮ್ಮೆ ಕೀ ತಿರುಗಿಸಲು ಹೇಳಿ, ಚೋಕಿನ ತಂತಿಯ ಮೇಲೆ ಬೆರಳಿಟ್ಟರು. ಬೆರಳು ತಟ್ಟನೆ ಹಿಂದಕ್ಕೆ ಬಂತು. ಚೋಕಿನ ತಂತಿ ಸುಡುತ್ತಿತ್ತು!

ಪಾಠದಲ್ಲಿ ಓದಿದ ಓಮನ ನಿಯಮವನ್ನು ಇಲ್ಲಿ ನೆನಪಿಸಿಕೊಳ್ಳಬೇಕು. ಎಂಜಿನ್ ಕಾರಿನ ಮೈಗೆ ನೇರವಾಗಿ ತಾಗಿ ಕೂರುವುದಿಲ್ಲ, ನಡುಕ ತಡೆಯಲು ರಬ್ಬರಿನ ಮೇಲೆ ಕೂರುತ್ತದೆ. ರಬ್ಬರು ವಿದ್ಯುತ್ತನ್ನು ಹಾಯಿಸದು. ಆದ್ದರಿಂದ ಎಂಜಿನ್ನಿಗೂ ಮೈಗೂ ನಡುವೆ ಹೆಣೆದ ತಾಮ್ರದ ಪಟ್ಟಿಯೊಂದನ್ನು ಬಿಗಿದಿರುತ್ತಾರೆ. ಅದೇ ಅರ್ತ್ ಪಟ್ಟಿ. ಸ್ಟಾರ್ಟರ್ ಮೋಟಾರು ನೂರೈವತ್ತು, ಇನ್ನೂರು ಆಂಪಿಯರ್ ಎಳೆಯುವ ಹಸಿವಿನದು. ಆ ಹಾದಿಯಲ್ಲಿ 0.05 ಓಮ್‌ನಷ್ಟು ಅಡ್ಡಿ ಇದ್ದರೂ 200 ಆಂಪಿಯರ್ ಹರಿಸಲು ಅಲ್ಲೇ 10 ವೋಲ್ಟ್ ಬೇಕಾಗುತ್ತದೆ. ಹನ್ನೆರಡು ವೋಲ್ಟಿನ ಬ್ಯಾಟರಿಯಲ್ಲಿ ಮತ್ತೇನು ಉಳಿದೀತು? ಇಲ್ಲಿ ಅರ್ತ್ ಪಟ್ಟಿಯೇನೋ ಇತ್ತು, ಆದರೆ ಅದನ್ನು ಬಿಗಿದದ್ದು ಹೊಸ ಹಸಿರು ಬಣ್ಣದ ಮೇಲೆ. ಬಣ್ಣವೂ ರಬ್ಬರಿನಂತೆಯೇ. ದಾರಿ ಕಾಣದ ವಿದ್ಯುತ್ತು ತೆಳುವಾದ ಚೋಕಿನ ತಂತಿಯನ್ನೇ ಹಿಡಿದು ಹಿಂದಿರುಗುತ್ತಿತ್ತು. ಬೋಲ್ಟಿನ ಕೆಳಗಿನ ಬಣ್ಣವನ್ನು ಕೆರೆದು ಬಿಗಿದದ್ದೇ ತಡ, ಎಂಜಿನ್ ಗರಗರನೆ ತಿರುಗಿತು. ಮೇಸ್ತ್ರಿ ತಕ್ಷಣ ನಿಲ್ಲಿಸಿಬಿಟ್ಟರು.

ನಾಲ್ಕೂ ಪ್ಲಗ್ಗುಗಳನ್ನು ಬಿಚ್ಚಿಸಿ, ಅದುಮುವ ಭಾರವಿಲ್ಲದ ಎಂಜಿನ್ನನ್ನು ಎಣ್ಣೆಯ ಒತ್ತಡ ಕಾಣಿಸುವವರೆಗೆ ತಿರುಗಿಸಿದರು. ಬೇರಿಂಗುಗಳಿಗೆ ಎಣ್ಣೆ ತಲುಪಿತೆಂದು ಖಾತ್ರಿಯಾದ ಮೇಲೆಯೇ ಮುಂದಿನ ಪ್ರಶ್ನೆ. ಅದೇ ಹೊತ್ತಿಗೆ ಪ್ಲಗ್ ತೂತುಗಳಿಗೆ ಹೆಬ್ಬೆರಳೊತ್ತಿ ನೋಡಿದ್ದೂ ಆಯಿತು. ನಾಲ್ಕರಲ್ಲೂ ಗಾಳಿ ಬೆರಳನ್ನು ಬಲವಾಗಿ ನೂಕಿತು. ಕಂಪ್ರೆಷನ್ ಇದೆ. ಟ್ಯಾಪೆಟ್ಟಿನ ಸಂದು ತೀರ ಕಡಿಮೆಯಿಟ್ಟಿದ್ದರೆ ವಾಲ್ವು ಪೂರ್ತಿ ಮುಚ್ಚದೆ ಇಲ್ಲಿ ಬುಸ್ಸೆಂದು ಸೋರುತ್ತಿತ್ತು.

ಇನ್ನು ಕಿಡಿ. ಒಂದು ಪ್ಲಗ್ಗನ್ನು ವಯರಿಗೆ ಸಿಕ್ಕಿಸಿ, ಅದರ ಲೋಹದ ಮೈಯನ್ನು ಎಂಜಿನ್ನಿಗೆ ತಾಗಿಸಿ ತಿರುಗಿಸಿದರೆ ನೀಲಿ ಕಿಡಿ ಚಟಚಟ ಎನ್ನಬೇಕು. (ಪೆಟ್ರೋಲ್ ಆವಿಯ ಬಳಿ ಇದನ್ನು ಮಾಡಕೂಡದು. ಪ್ಲಗ್ಗಿನ ತೂತುಗಳಿಂದ ದೂರವಿಡಬೇಕು. ಗ್ಯಾರೇಜುಗಳಲ್ಲಿ ಬೆಂಕಿ ಬಿದ್ದ ಕಥೆಗಳು ಹಲವು ಹೀಗೇ ಆರಂಭವಾಗುತ್ತವೆ.) ಇಲ್ಲಿ ಕಿಡಿಯೇ ಇರಲಿಲ್ಲ.

ಬ್ಯಾಟರಿಯ ಹನ್ನೆರಡು ವೋಲ್ಟಿನಿಂದ ಕಿಡಿ ಹಾರಿಸುವ ಉಪಾಯ ಸೊಗಸಾದದ್ದು. ಕಾಯಿಲ್ ಎಂಬ ಡಬ್ಬಿಯಲ್ಲಿ ಕಬ್ಬಿಣದ ತಿರುಳಿಗೆ ಎರಡು ಸುರುಳಿಗಳಿವೆ. ಒಂದು ದಪ್ಪ ತಂತಿಯ ಕೆಲವು ನೂರು ಸುತ್ತು, ಇನ್ನೊಂದು ಕೂದಲಿನಂಥ ತಂತಿಯ ಹಲವು ಸಾವಿರ ಸುತ್ತು. ಪಾಯಿಂಟುಗಳು ಕೂಡಿರುವಾಗ ದಪ್ಪ ಸುರುಳಿಯಲ್ಲಿ ಮೂರು, ನಾಲ್ಕು ಆಂಪಿಯರ್ ಹರಿದು ಕಾಂತಕ್ಷೇತ್ರ ಕಟ್ಟಿಕೊಳ್ಳುತ್ತದೆ. ಪಾಯಿಂಟು ಬಿಟ್ಟುಕೊಂಡೊಡನೆ ಆ ಕ್ಷೇತ್ರ ಕುಸಿಯುತ್ತದೆ, ತೆಳು ಸುರುಳಿಯಲ್ಲಿ ಹತ್ತು, ಇಪ್ಪತ್ತು ಸಾವಿರ ವೋಲ್ಟ್ ಚಿಮ್ಮುತ್ತದೆ. 1831ರಲ್ಲಿ ಮೈಕೆಲ್ ಫ್ಯಾರಡೆ ಕಂಡುಕೊಂಡ ಪ್ರೇರಣೆಯೇ ಇದು. ಕಾರಿಗೆ ಒಗ್ಗುವಂತೆ ಬ್ಯಾಟರಿ, ಕಾಯಿಲ್, ಪಾಯಿಂಟುಗಳ ಈ ಏರ್ಪಾಡನ್ನು ರೂಪಿಸಿದವನು ಅಮೆರಿಕದ ಚಾರ್ಲ್ಸ್ ಕೆಟರಿಂಗ್. 1910ರ ಕ್ಯಾಡಿಲಾಕ್ ಕಾರುಗಳಲ್ಲಿ ಅದು ಬಂತು. ಎರಡು ವರ್ಷದ ನಂತರ ಬಂದ ವಿದ್ಯುತ್ ಸ್ಟಾರ್ಟರ್ ಕೂಡ ಅವನದೇ. ಅಲ್ಲಿಯವರೆಗೆ ಹ್ಯಾಂಡಲ್ ಹೊಡೆಯುವಾಗ ಕಿಡಿ ಬೇಗ ಬಿದ್ದು ಎಂಜಿನ್ ಹಿಂದಕ್ಕೆ ಒದ್ದರೆ ಮಣಿಕಟ್ಟು ಮುರಿದುಕೊಳ್ಳುವವರಿಗೆ ಕೊರತೆಯಿರಲಿಲ್ಲ.

ಕಾಯಿಲಿನಿಂದ ಡಿಸ್ಟ್ರಿಬ್ಯೂಟರಿಗೆ ಹೋಗುವ ಸಣ್ಣ ತಂತಿಯ ತುದಿಗೆ ಮೇಸ್ತ್ರಿ ಒಂದು ಚಿಕ್ಕ ಬಲ್ಬು ಸಿಕ್ಕಿಸಿ, ಇನ್ನೊಂದು ತುದಿಯನ್ನು ಎಂಜಿನ್ನಿಗೆ ತಾಗಿಸಿದರು. ಪಾಯಿಂಟು ಬಿಟ್ಟಾಗ ಬಲ್ಬು ಹತ್ತಬೇಕು, ಕೂಡಿದಾಗ ಆರಬೇಕು. ಎಷ್ಟು ತಿರುಗಿಸಿದರೂ ಬಲ್ಬು ಹತ್ತಲೇ ಇಲ್ಲ. ಅಂದರೆ ಪಾಯಿಂಟು ಕಣ್ಣಿಗೆ ಬಿಟ್ಟುಕೊಂಡಂತೆ ಕಂಡರೂ ವಿದ್ಯುತ್ತು ಇನ್ನೆಲ್ಲೋ ನುಸುಳಿ ಎಂಜಿನ್ನಿನ ಮೈ ಸೇರುತ್ತಿದೆ. ಡಿಸ್ಟ್ರಿಬ್ಯೂಟರಿನ ಮುಚ್ಚಳ ತೆಗೆದರು. ಪಾಯಿಂಟಿನ ಸ್ಪ್ರಿಂಗು ಕೂರುವ ಪುಟ್ಟ ಗೂಟದಲ್ಲಿ ಬೆರಳುಗುರಿನಷ್ಟು ಅಗಲದ ಫೈಬರ್ ವಾಷರ್ ಒಂದಿರುತ್ತದೆ. ಅದು ಸ್ಪ್ರಿಂಗಿನ ಕೆಳಗಿರಬೇಕಿತ್ತು, ಮೇಲಿತ್ತು. ಹಿಂದಿನ ರಾತ್ರಿ ಟಾರ್ಚ್ ಬೆಳಕಿನಲ್ಲಿ ಪಾಯಿಂಟು ಬದಲಿಸಿದ್ದರ ಫಲ ಇದು. ವಾಷರನ್ನು ಕೆಳಗೆ ಹಾಕಿ, ಪಾಯಿಂಟಿನ ಸಂದನ್ನು ಫೀಲರ್ ಗೇಜಿನಿಂದ ಸುಮಾರು 0.4 ಮಿಲಿಮೀಟರಿಗೆ ಇಟ್ಟರು. ಬಲ್ಬು ಮಿಣುಕಿತು. ಪ್ಲಗ್ಗಿನಲ್ಲಿ ನೀಲಿ ಕಿಡಿ ಕಂಡಿತು.

ಬಯಲಲ್ಲಿ ಹಾರುವ ಕಿಡಿ ಸಿಲಿಂಡರಿನೊಳಗೂ ಹಾರುತ್ತದೆಂದು ಹೇಳಲಾಗದು. ಅದುಮಿದ ಗಾಳಿಯಲ್ಲಿ ಅದೇ ಸಂದನ್ನು ದಾಟಲು ಹೆಚ್ಚು ವೋಲ್ಟ್ ಬೇಕು. ಕಂಡೆನ್ಸರ್ ಕೆಟ್ಟಿದ್ದರೆ ಕಿಡಿ ಹಳದಿಯಾಗಿ ಬಡಕಲಾಗಿರುತ್ತದೆ, ಒಳಗೆ ಹಾರದು. ಇಲ್ಲಿ ಆ ಚಿಂತೆ ಇರಲಿಲ್ಲ.

ಪೆಟ್ರೋಲಿನ ಪರೀಕ್ಷೆ ಬೇಗ ಮುಗಿಯಿತು. ಟ್ಯಾಂಕು ತೊಳೆಸಿದ್ದು, ಪೆಟ್ರೋಲು ಮೊನ್ನೆಯದು, ರಬ್ಬರ್ ಕೊಳವೆಗಳೂ ಹೊಸವು. ಹಳೆಯ ಕಾರುಗಳವರು ಈ ಕೊಳವೆಗಳ ಬಗ್ಗೆ ಈಗ ಹೆಚ್ಚು ಎಚ್ಚರವಾಗಿರಬೇಕು. ನಮ್ಮ ಬಂಕುಗಳಲ್ಲಿ 2025ರ ಹೊತ್ತಿಗೆ ಶೇಕಡಾ 20 ಎಥನಾಲ್ ಬೆರೆತ ಪೆಟ್ರೋಲು ಸಾಮಾನ್ಯವಾಯಿತು. ಎಥನಾಲ್ ನೀರನ್ನು ಹೀರುತ್ತದೆ, ಹಳೆಯ ಕಾಲದ ರಬ್ಬರನ್ನು ಕೆಡಿಸುತ್ತದೆ.

ಪ್ಲಗ್ಗುಗಳನ್ನು ಬಿಗಿದು ಕೀ ತಿರುಗಿಸಿದರು. ಎಂಜಿನ್ ಗರಗರ ತಿರುಗಿತು. ಇದ್ದಕ್ಕಿದ್ದಂತೆ ಕಾರ್ಬುರೇಟರಿನ ಬಾಯಿಂದ 'ಫಟ್' ಎಂದು ಸೀನಿತು. ಮತ್ತೆ ತಿರುಗಿಸಿದರೆ ಮತ್ತೆ ಸೀನು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದಳು. ಅಪ್ಪನ ಮುಖ ಇಳಿಯಿತು. ಮೇಸ್ತ್ರಿ ಮಾತ್ರ ಗೆಲುವಾದರು. "ಈಗ ಅದು ಮಾತಾಡ್ತಾ ಇದೆ ಸಾರ್," ಎಂದರು.

ಸೀನು ಏನು ಹೇಳುತ್ತದೆ? ಕಿಡಿ ಬಿದ್ದ ಹೊತ್ತಿಗೆ ಕಾರ್ಬುರೇಟರಿನ ಕಡೆಯ ಬಾಗಿಲು, ಅಂದರೆ ಒಳವಾಲ್ವು, ತೆರೆದಿತ್ತು ಎಂದು ಹೇಳುತ್ತದೆ. ಪೆಟ್ರೋಲಿದೆ, ಕಿಡಿಯಿದೆ, ಬೆಂಕಿಯೂ ಹತ್ತಿದೆ. ಆದರೆ ಬೆಂಕಿ ಪಿಸ್ಟನ್ನನ್ನು ಕೆಳಗೆ ತಳ್ಳುವ ಬದಲು ತೆರೆದ ಬಾಗಿಲಿನಿಂದ ಹೊರಗೆ ಹಾರಿದೆ. ಕೊರತೆಯಿರುವುದು ಹೊತ್ತಿನದು.

ನಾಲ್ಕು ಹೊಡೆತದ ಎಂಜಿನ್ನಿನ ಚಿತ್ರವನ್ನು ಶಾಲೆಯಲ್ಲಿ ಬರೆಯದವರು ಯಾರು? ಹೀರುವುದು, ಅದುಮುವುದು, ಸ್ಫೋಟ, ಹೊಗೆ ಹೊರಹಾಕುವುದು. ಜರ್ಮನಿಯ ನಿಕೋಲಸ್ ಓಟೊ 1876ರಲ್ಲಿ ಓಡಿಸಿ ತೋರಿಸಿದ ಚಕ್ರ ಇದೇ. ಈ ಹುಡುಗಿಯೂ ಪರೀಕ್ಷೆಯಲ್ಲಿ ನಾಲ್ಕು ಚಿತ್ರ ಬರೆದು ಪೂರ್ತಿ ಅಂಕ ಪಡೆದವಳೇ. ಆ ನಾಲ್ಕು ಹೊಡೆತ ಮುಗಿಯಲು ಪಿಸ್ಟನ್ ಎರಡು ಸಲ ಮೇಲೆ, ಎರಡು ಸಲ ಕೆಳಗೆ ಹೋಗಬೇಕು, ಅಂದರೆ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ಸುತ್ತಬೇಕು. ಪಿಸ್ಟನ್ ಮೇಲಿನ ತುದಿಗೆ ಬರುವುದು ಎರಡು ಬಾರಿ. ಒಮ್ಮೆ ಮಿಶ್ರಣವನ್ನು ಅದುಮಿದ ಕೊನೆಯಲ್ಲಿ, ಇನ್ನೊಮ್ಮೆ ಹೊಗೆಯನ್ನು ನೂಕಿದ ಕೊನೆಯಲ್ಲಿ. ಕಿಡಿ ಬೇಕಾದದ್ದು ಮೊದಲನೆಯದಕ್ಕೆ ಮಾತ್ರ. ಎರಡನೆಯದರಲ್ಲಿ ಹೊರವಾಲ್ವು ಮುಚ್ಚುತ್ತಿರುತ್ತದೆ, ಒಳವಾಲ್ವು ಆಗಲೇ ತೆರೆಯತೊಡಗಿರುತ್ತದೆ.

ಎಂಜಿನ್ನಿನ ಮುಂದಿನ ಪುಲಿಯ ಮೇಲೆ ಒಂದು ಗುರುತಿದೆ. ಅದು ಪಿಸ್ಟನ್ ಮೇಲಿದೆಯೆಂದು ತೋರಿಸುತ್ತದೆ, ಯಾವ ಸುತ್ತಿನಲ್ಲಿ ಮೇಲಿದೆಯೆಂದು ತೋರಿಸುವುದಿಲ್ಲ. ಪುಲಿ ಎರಡೂ ಬಾರಿ ಒಂದೇ ತೆರನಾಗಿ ನಿಲ್ಲುತ್ತದೆ. ವ್ಯತ್ಯಾಸ ತಿಳಿದಿರುವುದು ಅದರ ಅರ್ಧ ವೇಗದಲ್ಲಿ ತಿರುಗುವ ಕ್ಯಾಮ್‌ಶಾಫ್ಟಿಗೆ ಮಾತ್ರ. ಟೈಮಿಂಗ್ ಚೈನಿನ ಎರಡು ಚಕ್ರಗಳ ಚುಕ್ಕಿಗಳು ಎದುರುಬದುರಾದವೆಂದ ಮಾತ್ರಕ್ಕೆ ಒಂದನೇ ಸಿಲಿಂಡರಿನ ಸ್ಫೋಟದ ಹೊತ್ತು ಬಂತೆಂದು ನಂಬುವುದೂ ಇಂಥದೇ ಮೋಸ. ಆ ಚುಕ್ಕಿಗಳು ಚೈನು ಸರಿಯಾಗಿ ಕೂತಿದೆಯೆಂದು ಹೇಳುತ್ತವೆ, ಅಷ್ಟೇ.

"ಡಿಸ್ಟ್ರಿಬ್ಯೂಟರ್ ಗೇರ್ ಇಳಿಸಿದ್ದು ಯಾರು?" ಮೇಸ್ತ್ರಿ ಕೇಳಿದರು.

ಅಪ್ಪ ಬಾಯಿ ತೆರೆಯುವ ಮೊದಲೇ ಹುಡುಗಿ, "ನಾನು ಅಂಕಲ್. ಪುಲಿ ಗುರುತು ನೋಡಿಯೇ ಹಾಕಿದ್ದೆ," ಎಂದಳು.

"ವಾಲ್ವ್ ನೋಡಿದ್ಯಾ ಅಮ್ಮಾ?"

ಅವಳು ಇಲ್ಲವೆಂದು ತಲೆಯಾಡಿಸಿದಳು.

ಅಂಬಾಸಡರಿನ ಈ ಎಂಜಿನ್ ಬ್ರಿಟನ್ನಿನ ಮೋರಿಸ್ ಕಾರುಗಳ ಮನೆತನದ್ದು. ಸಿಲಿಂಡರಿನ ವ್ಯಾಸ 73.025 ಮಿಲಿಮೀಟರ್, ಪಿಸ್ಟನ್ ಓಡುವ ದೂರ 88.9 ಮಿಲಿಮೀಟರ್. ನಾಲ್ಕು ಸಿಲಿಂಡರುಗಳ ಘನಗಾತ್ರವನ್ನು ಲೆಕ್ಕ ಹಾಕಿದರೆ 1489 ಸಿ.ಸಿ. ಬರುತ್ತದೆ, ವಿದ್ಯಾರ್ಥಿಗಳು ಹಾಕಿ ನೋಡಬಹುದು. ಪಶ್ಚಿಮ ಬಂಗಾಳದ ಉತ್ತರಪಾರಾದ ಕಾರ್ಖಾನೆಯಲ್ಲಿ ಅಂಬಾಸಡರ್ ತಯಾರಿಕೆ ನಿಂತದ್ದು 2014ರಲ್ಲಿ. ಈ ಎಂಜಿನ್ನನ್ನು ರೂಪಿಸಿದವರು ಒಂದು ಮುಂಜಾಗ್ರತೆ ವಹಿಸಿದ್ದರು. ಡಿಸ್ಟ್ರಿಬ್ಯೂಟರಿನ ಕಾಲಿನ ನಾಲಿಗೆಯನ್ನು ಸರಿಯಾಗಿ ನಡುವೆ ಇಡದೆ ಒಂದು ಬದಿಗೆ ಸರಿಸಿದ್ದರು. ಆದ್ದರಿಂದ ಅದನ್ನು ತಿರುಗುಮುರುಗಾಗಿ ಕೂರಿಸಲು ಯಾರಿಂದಲೂ ಆಗದು. ಆದರೆ ಆ ನಾಲಿಗೆ ಸೇರುವ ಗೇರಿನ ದಂಡವನ್ನೇ ತಪ್ಪು ಸುತ್ತಿನಲ್ಲಿ ಇಳಿಸಿದರೆ? ಆಗ ಎಲ್ಲವೂ ಕಚ್ಚಿಕೊಂಡು ಕೂರುತ್ತದೆ, ಎಲ್ಲ ಗುರುತುಗಳೂ ಕೂಡುತ್ತವೆ, ಕಿಡಿ ಮಾತ್ರ ಸರಿಯಾಗಿ ಒಂದು ಸುತ್ತು ತಪ್ಪಿ ಬೀಳುತ್ತದೆ. ಅನುಭವಿ ಗ್ಯಾರೇಜುಗಳಲ್ಲೂ ಆಗುವ ತಪ್ಪು ಇದು. ಅಲ್ಲಿ ಒಪ್ಪಿಕೊಳ್ಳುವವರು ಕಡಿಮೆ.

ಮೇಸ್ತ್ರಿ ಎಂಜಿನ್ನಿನ ಮೇಲಿನ ರಾಕರ್ ಮುಚ್ಚಳವನ್ನು ತೆಗೆದು, ಹುಡುಗಿಯನ್ನು ಕರೆದು ಮುಂದೆ ನಿಲ್ಲಿಸಿದರು. ಅಪ್ಪ ಮುಂದಿನ ತೂತಿಗೆ ಹ್ಯಾಂಡಲ್ ಕೊಟ್ಟು, ಹೆಬ್ಬೆರಳನ್ನೂ ಉಳಿದ ಬೆರಳುಗಳ ಕಡೆಗೇ ಇಟ್ಟು, ಮೆಲ್ಲಗೆ ತಿರುಗಿಸಿದರು. ಪ್ಲಗ್ಗುಗಳನ್ನು ಮತ್ತೆ ಬಿಚ್ಚಿದ್ದರಿಂದ ಅದು ಸಲೀಸಾಗಿ ತಿರುಗಿತು. ನಾಲ್ಕನೇ ಸಿಲಿಂಡರಿನ ಎರಡು ವಾಲ್ವುಗಳನ್ನು ನೋಡಬೇಕೆಂದು ಮೇಸ್ತ್ರಿ ಹೇಳಿದರು. ಒಂದನೆಯದನ್ನು ಬಿಟ್ಟು ನಾಲ್ಕನೆಯದನ್ನು ಏಕೆ? ಒಂದು ಮತ್ತು ನಾಲ್ಕನೇ ಪಿಸ್ಟನ್ನುಗಳು ಜೊತೆಯಾಗಿ ಏರಿ ಜೊತೆಯಾಗಿ ಇಳಿಯುತ್ತವೆ, ಆದರೆ ಒಂದು ಸುತ್ತಿನ ಅಂತರದಲ್ಲಿ ಕೆಲಸ ಮಾಡುತ್ತವೆ. ನಾಲ್ಕರಲ್ಲಿ ಒಂದು ವಾಲ್ವು ಮುಚ್ಚುತ್ತ ಇನ್ನೊಂದು ತೆರೆಯುತ್ತ, ತಕ್ಕಡಿಯ ಎರಡು ತಟ್ಟೆಗಳಂತೆ ಏರಿಳಿಯುವ ಗಳಿಗೆಯೇ ಒಂದನೆಯದು ಅದುಮಿ ಮುಗಿಸಿದ ಗಳಿಗೆ.

"ಅಲ್ಲಾಡ್ತು, ಅಲ್ಲಾಡ್ತು!" ಎಂದು ಹುಡುಗಿ ಕೂಗಿದಳು. ಅಪ್ಪ ನಿಲ್ಲಿಸಿದರು. ಪುಲಿಯ ಗುರುತು ನೆಟ್ಟಗೆ ಕೂಡಿತ್ತು. ಡಿಸ್ಟ್ರಿಬ್ಯೂಟರಿನ ಮುಚ್ಚಳ ಎತ್ತಿದರೆ ರೋಟರ್ ಒಂದನೇ ಪ್ಲಗ್ಗಿನ ವಯರಿಗೆ ಬೆನ್ನು ತಿರುಗಿಸಿ ನಾಲ್ಕನೆಯದನ್ನು ನೋಡುತ್ತಿತ್ತು.

ಇದಕ್ಕೆ ಸುಲಭದ ದಾರಿಯೊಂದಿದೆ. ಈ ಎಂಜಿನ್ನಿನಲ್ಲಿ ಕಿಡಿ ಬೀಳುವ ಸರದಿ ಒಂದು, ಮೂರು, ನಾಲ್ಕು, ಎರಡು. ಮುಚ್ಚಳದ ಮೇಲೆ ಒಂದನೇ ವಯರನ್ನು ನಾಲ್ಕಕ್ಕೂ ಎರಡನೆಯದನ್ನು ಮೂರಕ್ಕೂ ಅದಲುಬದಲು ಮಾಡಿದರೆ ಎಂಜಿನ್ ಹತ್ತಿಕೊಳ್ಳುತ್ತದೆ. ಬಹಳ ಕಡೆ ಮಾಡುವುದೂ ಹಾಗೆಯೇ. ಆದರೆ ಮುಂದೊಂದು ದಿನ ಬೇರೆ ಯಾರೋ ಕೈಪಿಡಿ ನೋಡಿ ವಯರು ಹಾಕುತ್ತಾರೆ, ಕಾರು ಮತ್ತೆ ನಿಲ್ಲುತ್ತದೆ. ಮೇಸ್ತ್ರಿಗೆ ಅದು ಒಪ್ಪಿಗೆಯಾಗಲಿಲ್ಲ. ಡಿಸ್ಟ್ರಿಬ್ಯೂಟರನ್ನು ಎತ್ತಿ, ಗೇರಿನ ದಂಡದ ತಲೆಗೆ ಉದ್ದನೆಯ ಬೋಲ್ಟೊಂದನ್ನು ತಿರುಗಿಸಿ ಹಿಡಿತ ಮಾಡಿಕೊಂಡು, ಅದನ್ನು ಹೊರಗೆಳೆದು ಹುಡುಗಿಯ ಕೈಗೆ ಕೊಟ್ಟರು. "ನೀನೇ ಹಾಕಮ್ಮ."

ಗೇರಿನ ಹಲ್ಲುಗಳು ಓರೆಯಾಗಿರುವುದರಿಂದ ಅದು ಇಳಿಯುತ್ತ ತಾನೇ ತಿರುಗುತ್ತದೆ. ಎಲ್ಲಿ ನಿಲ್ಲಬೇಕೋ ಅದಕ್ಕಿಂತ ಸ್ವಲ್ಪ ಹಿಂದೆ ಹಿಡಿದು ಇಳಿಸಬೇಕು. ಮೊದಲ ಎರಡು ಸಲ ಒಂದು ಹಲ್ಲು ತಪ್ಪಿತು. ಮೂರನೇ ಸಲ ಸರಿಯಾಗಿ ಕೂತಿತು. ಡಿಸ್ಟ್ರಿಬ್ಯೂಟರನ್ನು ಹಾಕಿ, ಪುಲಿಯನ್ನು ಕೈಪಿಡಿಯಲ್ಲಿ ಹೇಳಿದಷ್ಟು ಡಿಗ್ರಿ ಹಿಂದಕ್ಕಿಟ್ಟು, ಬಲ್ಬು ಆಗತಾನೇ ಹತ್ತುವ ಜಾಗದಲ್ಲಿ ಅದನ್ನು ಬಿಗಿದರು. ಮೇಲಿನ ತುದಿಗೆ ಬರುವ ತುಸು ಮುಂಚೆಯೇ ಕಿಡಿ ಬೇಕು, ಏಕೆಂದರೆ ಬೆಂಕಿ ಹರಡಲು ಸೆಕೆಂಡಿನ ಸಾವಿರದ ಕೆಲವು ಪಾಲಾದರೂ ಹಿಡಿಯುತ್ತದೆ. ನಿಮಿಷಕ್ಕೆ 3000 ಸುತ್ತು ಸುತ್ತುವ ಎಂಜಿನ್ನಿನಲ್ಲಿ ಈ ನಾಲ್ಕು ಪ್ಲಗ್ಗುಗಳು ಒಟ್ಟು ಸೆಕೆಂಡಿಗೆ 100 ಕಿಡಿ ಕೊಡುತ್ತವೆ. ಪಾಯಿಂಟು ಅಷ್ಟೇ ಸಲ ಬಾಯಿ ತೆರೆದು ಮುಚ್ಚುತ್ತದೆ.

ಈ ಸಲ ಅಜ್ಜಿಯೂ ಜಗಲಿಯಿಂದ ಇಳಿದು ಬಂದರು. ಕೀ ತಿರುಗಿಸಿ ಎರಡು ಸೆಕೆಂಡು ಆಗಿರಲಿಲ್ಲ, ಎಂಜಿನ್ ಗುಡುಗಿ ಹತ್ತಿಕೊಂಡಿತು. ಬಣ್ಣ ಕಾಯ್ದ ವಾಸನೆ, ಬಿಳಿ ಹೊಗೆ ಅಂಗಳ ತುಂಬಿದವು. ಅಪ್ಪ ಆಕ್ಸಿಲರೇಟರ್ ಬಿಡಹೊರಟರೆ ಮೇಸ್ತ್ರಿ ಕೈಸನ್ನೆಯಿಂದ ತಡೆದರು. ಹೊಸ ಎಂಜಿನ್ ಮೊದಲ ಇಪ್ಪತ್ತು ನಿಮಿಷ ನಿಮಿಷಕ್ಕೆ ಎರಡು ಸಾವಿರ ಸುತ್ತಿನ ಆಸುಪಾಸಿನಲ್ಲೇ ಓಡಬೇಕು. ಆಗಲೇ ಕ್ಯಾಮಿಗೂ ಟ್ಯಾಪೆಟ್ಟಿಗೂ ಎಣ್ಣೆ ಧಾರಾಳವಾಗಿ ಎರಚಿ ಅವೆರಡೂ ಒಂದಕ್ಕೊಂದು ಹೊಂದಿಕೊಳ್ಳುತ್ತವೆ. ಹುಡುಗಿ ಗಡಿಯಾರ ಹಿಡಿದು ನಿಂತಳು. ಮೇಸ್ತ್ರಿ ಎಣ್ಣೆಯ ಒತ್ತಡವನ್ನು ನೋಡುತ್ತ, ರೇಡಿಯೇಟರಿನ ಕೆಳಗಿನ ಕೊಳವೆಯಿಂದ ತೊಟ್ಟಿಕ್ಕುತ್ತಿದ್ದ ನೀರಿಗೆ ಕ್ಲಿಪ್ಪನ್ನು ಇನ್ನೊಂದು ಸುತ್ತು ಬಿಗಿದರು.

"ಇನ್ನು ದೇವಸ್ಥಾನಕ್ಕೆ ಹೋಗಬಹುದಲ್ಲವೇನಪ್ಪಾ?" ಎಂದು ಅಜ್ಜಿ ಕೇಳಿದರು.

"ಹೋಗಿ ಅಮ್ಮಾ. ಮೊದಲ ಎಂಟುನೂರು ಕಿಲೋಮೀಟರ್ ಮಾತ್ರ ಮೆತ್ತಗೆ ಓಡಿಸೋಕೆ ಹೇಳಿ. ಆಮೇಲೆ ಎಣ್ಣೆ ಬದಲಾಯಿಸಬೇಕು, ಟ್ಯಾಪೆಟ್ ಇನ್ನೊಂದು ಸಲ ನೋಡಬೇಕು," ಎಂದು ಮೇಸ್ತ್ರಿ ಕೈ ಒರೆಸಿಕೊಂಡರು. "ಅದನ್ನ ಈ ಹುಡುಗಿನೇ ಮಾಡ್ತಾಳೆ ಬಿಡಿ."